ದೂರದ ಸಂಸತ್ತು, ಹತ್ತಿರದ ಲೆಕ್ಕ

ಪ್ರಶ್ನೆ: ಯುರೋಪಿನ ಸಂಸತ್ತಿಗೆ ಮತದಾನ ಕಡಿಮೆ ಏಕೆ? ನಮ್ಮ ಸೇಡಂ, ಶಹಾಬಾದ್ ಕಡೆಯೂ ಹಾಗೆಯೇ?

ಉತ್ತರ: ಸರ್ಕಾರ ಯಾರದೆಂದು ನೇರವಾಗಿ ತೀರ್ಮಾನವಾಗದ ಚುನಾವಣೆಗೆ ಜನ ಕಡಿಮೆ ಬರುತ್ತಾರೆ, ಬಂದವರೂ ತಮ್ಮ ದೇಶದ ಸರ್ಕಾರದ ಮೇಲಿನ ಸಿಟ್ಟನ್ನೇ ಅಲ್ಲಿ ತೀರಿಸಿಕೊಳ್ಳುತ್ತಾರೆ. ಯುರೋಪಿನಲ್ಲಿ 1979ರಲ್ಲಿ ಶೇ. 62ರಷ್ಟಿದ್ದ ಮತದಾನ 2014ಕ್ಕೆ ಶೇ. 43ರ ಹತ್ತಿರ ಇಳಿಯಿತು, 2019ರಲ್ಲಿ ಮತ್ತೆ 50 ದಾಟಿತು. ಆ ಸಿಟ್ಟಿನ ಪೆಟ್ಟು ಎಷ್ಟಿತ್ತೆಂದರೆ, 2024ರ ಜೂನ್ 9ರಂದು ಈ ಸಂಸತ್ತಿನ ಚುನಾವಣೆಯ ಫಲಿತಾಂಶ ಹೊರಬಿದ್ದ ರಾತ್ರಿಯೇ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ತಮ್ಮ ದೇಶದ ಕೆಳಮನೆಯನ್ನು ವಿಸರ್ಜಿಸಿದರು.

ಲೋಕಸಭೆ ದೇಶದ್ದೇ ಸಭೆ, ಹೋಲಿಕೆ ಪೂರ್ತಿ ಸರಿಹೊಂದದು, ನಿಜ. ಆದರೂ ಕರ್ನಾಟಕದಲ್ಲಿ 2018ರ ವಿಧಾನಸಭೆಗೆ ಶೇ. 72ರಷ್ಟು, ಮರುವರ್ಷ ಲೋಕಸಭೆಗೆ ಶೇ. 69ರಷ್ಟು ಮತ ಬಿತ್ತು. ಬಿಸಿಲು, ಮುಂಬೈ-ಹೈದರಾಬಾದಿಗೆ ಗುಳೆ ಹೋಗುವುದೇ ಕಾರಣ ಎನ್ನುವವರಿದ್ದಾರೆ. ಆದರೆ 2018ರ ವಿಧಾನಸಭಾ ಮತದಾನ ನಡೆದದ್ದು ಮೇ 12ರಂದು, ಅದೇ ಸುಡುಬಿಸಿಲಿನಲ್ಲಿ. ವಾಡಿಯ ಅಥವಾ ಚಿತ್ತಾಪುರದ ಮನೆಗೆ ಶಾಸಕರು ಬೇಕಾಗುವುದು ರಸ್ತೆಗೆ, ನೀರಿಗೆ, ವರ್ಗಾವಣೆಗೆ. ಸಂಸದರ ಕೆಲಸ ಕಣ್ಣಿಗೆ ಬೀಳುವುದು ಅಪರೂಪ. ವ್ಯತ್ಯಾಸದ ಬೇರು ಇಲ್ಲಿದೆ ಎಂಬುದು ನನ್ನ ತೀರ್ಮಾನ.

ದಿಲ್ಲಿಯ ಲೆಕ್ಕ ಊರಿಗೆ ಎಷ್ಟು ದೂರ ಎಂಬುದಕ್ಕೆ ಚಿಂಚೋಳಿಯನ್ನೇ ನೋಡಿ. ಅಲ್ಲಿನ ಶಾಸಕ ಉಮೇಶ್ ಜಾಧವ್ ರಾಜೀನಾಮೆ ಕೊಟ್ಟು, 2019ರಲ್ಲಿ ಕಲಬುರಗಿಯಿಂದ ಲೋಕಸಭೆಗೆ ನಿಂತು ಮಲ್ಲಿಕಾರ್ಜುನ ಖರ್ಗೆಯವರನ್ನು ಸೋಲಿಸಿದರು. ಚಿಂಚೋಳಿ ಬೀದರ್ ಲೋಕಸಭಾ ಕ್ಷೇತ್ರದಲ್ಲಿರುವುದರಿಂದ ಅಲ್ಲಿನವರಿಗೆ ಆ ಸ್ಪರ್ಧೆಯಲ್ಲಿ ಮತವೇ ಇರಲಿಲ್ಲ. ಏಪ್ರಿಲ್ 23ರಂದು ಬೀದರಿಗೆ ಮತ ಹಾಕಿದವರು, ದಿಲ್ಲಿಯ ಆ ಪೈಪೋಟಿಯಿಂದ ತೆರವಾದ ತಮ್ಮದೇ ವಿಧಾನಸಭಾ ಸ್ಥಾನಕ್ಕೆ ಮೇ 19ರಂದು ಮತ್ತೆ ಸಾಲಿನಲ್ಲಿ ನಿಂತರು.