ನಾಲೆಯ ಆಚೆ, ನಾಲೆಯ ಈಚೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಒಂದಕ್ಕೊಂದು ತಾಗಿಕೊಂಡಿದ್ದು, ಹಳೆಯ ಮೈಸೂರಿನ ಒಂದೇ ಬಗೆಯ ಕನ್ನಡ ಮತ್ತು ಒಂದೇ ಬಗೆಯ ರಾಗಿಮುದ್ದೆ ಅಲ್ಲೆಲ್ಲ ನಡೆಯುತ್ತವೆಯಾದರೂ, ಅವುಗಳ ನಡುವಣ ಭೇದಗಳು ಅವನ್ನು ಒಳಗೊಂಡು 1939ರಲ್ಲಿ ರಚನೆಯಾದ ಮಂಡ್ಯ ಜಿಲ್ಲೆಗಿಂತ ಬಹಳ ಹಳೆಯವು. ಇಂಗ್ಲೆಂಡಿನಲ್ಲಿ ಉತ್ತರದವರು, ದಕ್ಷಿಣದವರು ಎಂಬ ಭೇದವನ್ನು ಕಲ್ಲಿದ್ದಲ ಗಣಿಗಳೂ ಹತ್ತಿ ಗಿರಣಿಗಳೂ ಹೇಗೆ ಬಲಪಡಿಸಿದವೋ ಹಾಗೆ ಇಲ್ಲಿ ಕಾಲುವೆ, ಅಂದರೆ ಜನರ ಮಾತಿನ ನಾಲೆ, ಸೀಮೆಯಿಂದ ಸೀಮೆಯನ್ನು ಬೇರ್ಪಡಿಸಿತು.

ರಾಜ ಒಡೆಯರು 1610ರಲ್ಲಿ ಗೆದ್ದುಕೊಂಡ ಶ್ರೀರಂಗಪಟ್ಟಣ 1799ರಲ್ಲಿ ಟಿಪ್ಪು ಮಡಿಯುವವರೆಗೆ ರಾಜಧಾನಿಯಾಗಿತ್ತು. ರಾಜಧಾನಿಗೆ ಅಕ್ಕಿ ಬೇಕು, ಅಕ್ಕಿಗೆ ನೀರು ಬೇಕು ಎಂಬ ಸರಳ ಲೆಕ್ಕದಿಂದಲೇ ಅದರ ಸುತ್ತ ಕಾವೇರಿಗೆ ಅಡ್ಡಲಾಗಿ ಕಟ್ಟೆಗಳೂ ಚಿಕ್ಕದೇವರಾಯ ಸಾಗರದಂಥ ನಾಲೆಗಳೂ ಹುಟ್ಟಿದವು. ಇವುಗಳಲ್ಲಿ ಬಂಗಾರದೊಡ್ಡಿ ನಾಲೆಯದು ವಿಶೇಷ: ಹೊಳೆಯ ಕವಲಿನ ಮೇಲೆ ಕಟ್ಟಿದ ಕಲ್ಲಿನ ಮೇಲ್ಗಾಲುವೆಯಲ್ಲಿ ಅದು ಹರಿದು ಶ್ರೀರಂಗಪಟ್ಟಣದ ದ್ವೀಪ ಸೇರುವುದರಿಂದ, ಕೆಳಗೂ ಕಾವೇರಿ, ಮೇಲೂ ಕಾವೇರಿ. ರಂಗನಾಥನ ಗುಡಿ ಮತ್ತು ಜಾಮಿಯಾ ಮಸೀದಿ ಒಂದೇ ಕೋಟೆಯೊಳಗಿರುವ, ಶಿರಾದಿಂದ ಬಂದವರು ನೆಲೆಸಿದ ಗಂಜಾಂ ಮಗ್ಗುಲಲ್ಲಿರುವ ಈ ಊರಿನ ಬೆರಕೆ ಚಹರೆ ಅರಮನೆ ಮತ್ತು ದಂಡಿನ ಬಳುವಳಿ.

ಪಾಂಡವಪುರಕ್ಕೂ ದಂಡಿನ ನೆನಪುಂಟು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಹಿಂದೆ ಅದು ಫ್ರೆಂಚ್ ರಾಕ್ಸ್ ಎನಿಸಿಕೊಂಡಿತ್ತು. ಆದರೆ 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ಹುಲಿಕೆರೆ ಸುರಂಗ ದಾಟಿ, ಮೊದಲಿಗೆ ಇರ್ವಿನ್ ಹೆಸರಿನ, ಈಗ ವಿಶ್ವೇಶ್ವರಯ್ಯನವರ ಹೆಸರಿನ ನಾಲೆಯಲ್ಲಿ ಹರಿದ ಮೇಲೆ ಭತ್ತ, ಕಬ್ಬು, ಆಲೆಮನೆ, ಸಕ್ಕರೆ ಕಾರ್ಖಾನೆಗಳ ಹೊಸ ಬದುಕು ತಾಲ್ಲೂಕಿನ ತೆಂಕಣ ಭಾಗವನ್ನು ಆವರಿಸಿತು. ಅಲ್ಲಿಂದ ನಾಗಮಂಗಲದ ಕಡೆಗೆ ಹೋದಂತೆ ಗದ್ದೆ ಮುಗಿದು ಹೊಲ ತೊಡಗುತ್ತದೆ: ರಾಗಿ, ಹುರುಳಿ, ಬದುವಿನ ಹೊಂಗೆ, ಅಲ್ಲಲ್ಲಿ ತೆಂಗಿನ ತೋಟ. ನಾಲೆ ಬಯಲಿನ ರೈತ ತೂಬಿನ ಸರದಿಯನ್ನು, ಅಂದರೆ ಕಟ್ಟು ನೀರನ್ನು ಎಣಿಸಿದರೆ, ಈಚೆಯವನು ಆರಿದ್ರೆ, ಮಖೆ ಎಂದು ಮಳೆ ನಕ್ಷತ್ರಗಳನ್ನು ಎಣಿಸುತ್ತಾನೆ.

ಇದರಿಂದ ನಾಗಮಂಗಲವನ್ನು ಬಡ ಸೀಮೆ ಎಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಸೌಮ್ಯಕೇಶವನ ಹೊಯ್ಸಳ ದೇಗುಲವೂ ಲೋಹ ವಿಗ್ರಹಗಳ ಎರಕದ ಕಸುಬೂ ಅಲ್ಲಿಯವು. ಶ್ರೀರಂಗಪಟ್ಟಣದ ಕೋಟೆಯನ್ನು 1454ರಲ್ಲಿ ಕಟ್ಟಿಸಿದವನೇ ನಾಗಮಂಗಲದ ತಿಮ್ಮಣ್ಣ ದಂಡನಾಯಕನೆಂಬ ಪ್ರತೀತಿಯಿದೆ. ನಂಬಿಕೆಯ ಲೋಕವೂ ಬೇರೆಯೇ: ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ರಾಮಾನುಜರ ಶ್ರೀವೈಷ್ಣವ ಪರಂಪರೆಯನ್ನೂ ವೈರಮುಡಿ ಉತ್ಸವವನ್ನೂ ತಮಿಳು ಬೆರೆತ ಮನೆಮಾತನ್ನೂ ಕಾಪಾಡಿಕೊಂಡಿದ್ದರೆ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಕಾಲಭೈರವನನ್ನು ಆರಾಧಿಸುವ ನಾಥ ಪಂಥದ ನೆಲೆಯಾಗಿ, ಒಕ್ಕಲಿಗರ ಗುರುಪೀಠವಾಗಿ ಬೆಳೆದಿದೆ.

ಹಿಂದೆ ಅತ್ತಿಕುಪ್ಪೆ ಎನಿಸಿದ್ದ ಕೃಷ್ಣರಾಜಪೇಟೆಯಲ್ಲಿ ಗದ್ದೆ ಮತ್ತು ಹೊಲದ ನಡುವಣ ಗಡಿ ತಾಲ್ಲೂಕಿನ ಒಳಗೇ ಹಾದುಹೋಗುತ್ತದೆ. ಹೇಮಾವತಿಯ ಮಂದಗೆರೆ ಕಟ್ಟೆಯ ಹಳೆಯ ನಾಲೆಗಳು ಹೊಳೆ ಬದಿಗೆ ಗದ್ದೆಯ ಬಾಳನ್ನು ಕೊಟ್ಟವು, ದೂರದ ಊರುಗಳು ಕೆರೆ ಮತ್ತು ಮಳೆಯನ್ನೇ ನಂಬಿದವು. ಅದೇ ಹೊಳೆಯ ಗೊರೂರು ಅಣೆಕಟ್ಟೆಯ ಎಡದಂಡೆ ನಾಲೆ ಬಂದ ಮೇಲೆ ಆ ಗಡಿ ಸರಿಯತೊಡಗಿದ್ದು, ಇಂದು ಕೃಷ್ಣರಾಜಪೇಟೆ, ನಾಗಮಂಗಲಗಳ ಹಲವು ಊರುಗಳಲ್ಲಿ ಮಳೆ ನಕ್ಷತ್ರವನ್ನೂ ತೂಬಿನ ಸರದಿಯನ್ನೂ ಒಬ್ಬನೇ ರೈತ ಎಣಿಸಬೇಕಾಗಿದೆ.