ನಾಲ್ಕನೇ ಸ್ಥಾನ ದಾಟಿದ ಟಿ.ಸಿ.

ರೈಲಿನಲ್ಲಿ ಟಿ.ಸಿ. ಬಂದ ಅಂದರೆ ಜೇಬು ತಡಕಾಡೋರೇ ಜಾಸ್ತಿ. ಅಂಥ ಟಿ.ಸಿ. ಒಬ್ಬ ರೈಫಲ್ ಹಿಡಿದು ಒಲಿಂಪಿಕ್ ಪದಕ ತಂದ ಎಂದರೆ ನಂಬಬೇಕು. ಆತನ ಹೆಸರು ಸ್ವಪ್ನಿಲ್ ಕುಸಾಳೆ.

ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿ ಈತನ ಹಳ್ಳಿ. ಅಪ್ಪ ಮೇಷ್ಟ್ರು. 2009ರಲ್ಲಿ ಮಹಾರಾಷ್ಟ್ರ ಸರಕಾರದ ಕ್ರೀಡಾ ಪ್ರಬೋಧಿನಿ ಸೇರಿದ ಹುಡುಗ ರೈಫಲ್ ಹಿಡಿದ. ಚೆಂಡಾದರೆ ಒಂದೇ ಸಾಕು, ದಿನವಿಡೀ ಆಡಬಹುದು. ಇಲ್ಲಿ ಹಾರಿಸಿದ ಒಂದೊಂದು ಗುಂಡಿಗೂ ದುಡ್ಡು! ಅಪ್ಪ ಸಾಲ ಮಾಡಿ ಗುಂಡು ಕೊಡಿಸಿದರು. 2015ರಲ್ಲಿ ಮಧ್ಯ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ತಿಂಗಳ ಸಂಬಳ ಬಂತು, ಆಟ ಉಳೀತು.

ಈತನದು 50 ಮೀಟರ್ ರೈಫಲ್, ಮೂರು ಭಂಗಿ. ಮಂಡಿಯೂರಿ, ಮಲಗಿ, ಕೊನೆಗೆ ನಿಂತು ಹೊಡೆಯಬೇಕು. ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿಲಿಮೀಟರ್. ಅಂಗಿಯ ಗುಂಡಿಯಷ್ಟೇ! ನಿಂತು ಹೊಡೆಯೋದೇ ಎಲ್ಲಕ್ಕಿಂತ ಕಷ್ಟ. ಉಸಿರಾಡಿದರೂ ನಳಿಗೆ ಅಲುಗುತ್ತದೆ.

ದೊಡ್ಡ ಕೂಟಗಳ ವೈಯಕ್ತಿಕ ಪದಕ ಮಾತ್ರ ಸತಾಯಿಸುತ್ತಲೇ ಇತ್ತು. 2022ರ ಕೈರೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೇ ಸ್ಥಾನ. ದೇಶಕ್ಕೆ ಒಲಿಂಪಿಕ್ ಸ್ಥಾನ ಸಿಕ್ಕಿತು, ಈತನಿಗೆ ವೈಯಕ್ತಿಕ ಪದಕ ಸಿಗಲಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ತಂಡಕ್ಕೆ ಚಿನ್ನ ಬಂತು. ಆದರೆ ವೈಯಕ್ತಿಕ ಫೈನಲ್‌ನಲ್ಲಿ ಮುಂದಿದ್ದವನು ನಿಂತು ಹೊಡೆಯುವಾಗ ಒಂದು ಗುಂಡು 7.6ಕ್ಕೆ ಬಿತ್ತು. ಅಷ್ಟೇ, ಮತ್ತೆ ನಾಲ್ಕು! ಮೂರನೆಯವನಿಗೆ ಮೆರವಣಿಗೆ, ನಾಲ್ಕನೆಯವನಿಗೆ ಮನೆಯ ದಾರಿ.

ಆಮೇಲೆ ಬಂತು ಪ್ಯಾರಿಸ್ ಒಲಿಂಪಿಕ್ಸ್. 590 ಅಂಕ ಗಳಿಸಿ ಏಳನೆಯವನಾಗಿ ಎಂಟು ಮಂದಿಯ ಫೈನಲ್‌ಗೆ ಬಂದ. 2024ರ ಆಗಸ್ಟ್ 1. ಹೊಟ್ಟೆಯಲ್ಲಿ ತಳಮಳ, ಬೆಳಿಗ್ಗೆ ಕುಡಿದದ್ದು ಬರೀ ಕಪ್ಪು ಚಹಾ. ಮಂಡಿಯೂರಿದಾಗ ಆರನೇ ಸ್ಥಾನ, ಮಲಗಿದಾಗ ಐದು. ಉಳಿದದ್ದು ಹಾಂಗ್‌ಝೌನಲ್ಲಿ ಕೈಕೊಟ್ಟ ಅದೇ ಭಂಗಿ. ಈ ಸಲ ಕೈ ನಡುಗಲಿಲ್ಲ. ಎದುರಾಳಿಗಳು ಒಬ್ಬೊಬ್ಬರಾಗಿ ಹೊರಬಿದ್ದರು. ನಾಲ್ಕನೆಯವನೂ ಹೊರಬಿದ್ದ, ಅದು ಸ್ವಪ್ನಿಲ್ ಆಗಿರಲಿಲ್ಲ! 451.4 ಅಂಕದೊಂದಿಗೆ ಕಂಚು. ಈ ಸ್ಪರ್ಧೆಯಲ್ಲಿ ಭಾರತಕ್ಕೆ ಇದೇ ಮೊದಲ ಒಲಿಂಪಿಕ್ ಪದಕ.

1952ರಲ್ಲಿ ಹೆಲ್ಸಿಂಕಿಯಲ್ಲಿ ಕುಸ್ತಿಪಟು ಖಾಶಾಬಾ ಜಾಧವ್ ಕಂಚು ಗೆದ್ದ ಮೇಲೆ ಮಹಾರಾಷ್ಟ್ರದವನೊಬ್ಬನಿಗೆ ವೈಯಕ್ತಿಕ ಒಲಿಂಪಿಕ್ ಪದಕ ಸಿಗಲು 72 ವರ್ಷ ಬೇಕಾಯಿತು. ಪದಕ ಬಂದದ್ದೇ ತಡ, ರೈಲ್ವೆ ಬಡ್ತಿ ಕೊಟ್ಟಿತು. ಅರ್ಜುನ ಪ್ರಶಸ್ತಿಯೂ ಬಂತು. ಒಳ್ಳೆಯದೇ. ಆದರೆ ಅಪ್ಪ ಸಾಲ ಮಾಡಿ ಗುಂಡು ಕೊಡಿಸಿದ್ದು ಪದಕ ಬಂದ ಮೇಲಲ್ಲ, ಬರೋದಕ್ಕೆ ಮುಂಚೆ!