ಮಹಾಪ್ರಬಂಧಕ್ಕೆ ಬೀಗವೇಕೆ?

ಸಂಶೋಧನೆಯ ಫಲ ಓದಬಲ್ಲವರೆಲ್ಲರಿಗೂ ಸಲ್ಲಬೇಕೆಂಬ ಮಾತನ್ನು ಒಪ್ಪದ ಅಧ್ಯಾಪಕರಿಲ್ಲ. ಆದರೆ ತಮ್ಮ ಮಾರ್ಗದರ್ಶನದಲ್ಲಿ ಸಿದ್ಧವಾದ ಪ್ರಬಂಧವನ್ನು ಲೋಕದ ಮುಂದೆ ತೆರೆದಿಡುವ ಹೊತ್ತು ಬಂದಾಗ ಅವರಲ್ಲಿ ಕೆಲವರು ಹಿಂಜರಿಯುವುದುಂಟು. ಈ ಹಿಂಜರಿಕೆ ಎಲ್ಲಿ ನ್ಯಾಯವಾದುದು, ಎಲ್ಲಿ ಅಲ್ಲ ಎಂಬುದನ್ನು ವಿಚಾರಿಸೋಣ.

ನಾನು ಎಂ.ಎ. ಓದುತ್ತಿದ್ದ ಕಾಲದಲ್ಲಿ ಬೇರೊಂದು ವಿಶ್ವವಿದ್ಯಾನಿಲಯದ ಪ್ರಬಂಧವನ್ನು ನೋಡಬೇಕಾದರೆ ಆ ಊರಿಗೇ ಹೋಗಿ, ಗ್ರಂಥಪಾಲಕರ ಅನುಮತಿ ಬೇಡಿ, ಬೆರಳಚ್ಚಿನ ಪ್ರತಿಯಿಂದ ಟಿಪ್ಪಣಿ ಮಾಡಿಕೊಳ್ಳಬೇಕಾಗಿತ್ತು. 2009ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಅಂಗೀಕೃತ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ನಿಯಮ ಮಾಡಿತು. ಗಾಂಧೀನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ಭಂಡಾರದಲ್ಲಿ ಇಂದು ಕನ್ನಡದ ಪ್ರಬಂಧಗಳನ್ನೂ ಮನೆಯಲ್ಲಿ ಕುಳಿತೇ ಓದಬಹುದು.

ಹಾಗಾದರೆ ಗುಟ್ಟೇಕೆ? ವಿಜ್ಞಾನ ವಿಭಾಗಗಳಲ್ಲಿ ಇದಕ್ಕೆ ಬಲವಾದ ಕಾರಣವಿದೆ. 1970ರ ಪೇಟೆಂಟ್ ಕಾಯಿದೆಯಂತೆ, ಅರ್ಜಿ ಸಲ್ಲಿಸುವ ಮುನ್ನವೇ ಪ್ರಕಟವಾದ ಆವಿಷ್ಕಾರವು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹೊಸದೆನಿಸುವುದಿಲ್ಲ. ವಿದ್ಯಾರ್ಥಿಯ ಪ್ರಬಂಧ ಒಂದು ದಿನ ಮೊದಲು ತೆರೆದುಕೊಂಡರೂ ಪ್ರಯೋಗಾಲಯದ ಹಲವು ವರ್ಷಗಳ ದುಡಿಮೆ ಹಕ್ಕು ಕಳೆದುಕೊಳ್ಳಬಹುದು. ಉದ್ಯಮದ ಹಣದಿಂದ ನಡೆಯುವ ಸಂಶೋಧನೆಗೆ ಒಪ್ಪಂದದ ಕಟ್ಟೂ ಇರುತ್ತದೆ. ನಮ್ಮ ಜಾನಪದ, ಸಮಾಜ ಅಧ್ಯಯನಗಳಲ್ಲಿ ಗುಟ್ಟಿನ ಬಗೆ ಬೇರೆ. ನಂಬಿ ಮನೆಯ ಮಾತನ್ನು ಹೇಳಿದ ಹಳ್ಳಿಯ ಹೆಂಗಸಿನ ಹೆಸರು ಅಧ್ಯಾಪಕರ ಸೊತ್ತೂ ಅಲ್ಲ, ವಿದ್ಯಾರ್ಥಿಯ ಸೊತ್ತೂ ಅಲ್ಲ. ಅದನ್ನು ಎಂದೆಂದಿಗೂ ಕಾಯಬೇಕು. ಆದರೆ ಹೆಸರನ್ನು ಮರೆಮಾಡಿದರೆ ಸಾಕು, ಪ್ರಬಂಧವನ್ನೇ ಮುಚ್ಚಿಡಬೇಕಿಲ್ಲ.

ಪ್ರಕಟಣೆಯೂ ಒಂದು ರಕ್ಷಣೆಯೆಂಬುದನ್ನು ನಾವು ಮರೆಯುತ್ತೇವೆ. ಗಾಯಕ್ಕೆ ಅರಿಸಿನ ಹಚ್ಚುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿತು. 1997ರಲ್ಲಿ ಅದು ರದ್ದಾಯಿತು. ಮಂಡಳಿಯ ಕೈಯಲ್ಲಿದ್ದ ಆಯುಧಗಳೆಂದರೆ ಹಳೆಯ ಗ್ರಂಥಗಳು ಮತ್ತು 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾಗಿದ್ದ ಒಂದು ಲೇಖನ. ಅಚ್ಚಾದುದೇ ಅಂದು ನಮ್ಮನ್ನು ಕಾಯಿತು.

ಇನ್ನು ವಿದ್ಯಾರ್ಥಿಯ ಪಾಡು. ಆತ ಸಭೆಯ ಮುಂದೆ ಮೌಖಿಕ ಪರೀಕ್ಷೆಗೆ ನಿಂತು ತನ್ನ ಪ್ರಬಂಧವನ್ನು ಸಮರ್ಥಿಸಬೇಕು. ಸಭೆಯಲ್ಲಿ ಕೇಳಬಹುದಾದುದನ್ನು ಗ್ರಂಥಾಲಯದಲ್ಲಿ ಓದಬಾರದೆಂದರೆ ಅದಕ್ಕೆ ಅರ್ಥವಿಲ್ಲ. ಪ್ರಬಂಧ ಕಪಾಟಿನಲ್ಲಿ ಸೆರೆಯಾದರೆ, ಕೆಲಸ ಬೇಡುವಾಗ ತೋರಿಸಲು ಆತನಿಗೆ ಪದವಿಪತ್ರವೊಂದನ್ನು ಬಿಟ್ಟು ಬೇರೇನೂ ಉಳಿಯದು. ಬೇರೊಬ್ಬರು ಅದೇ ಫಲಿತಾಂಶವನ್ನು ಮೊದಲು ಪ್ರಕಟಿಸಿದರೆ ತಾನೇ ಮೊದಲಿಗನೆಂದು ಸಾಧಿಸುವುದೂ ಕಷ್ಟ.

ಆದ್ದರಿಂದ ಬೀಗವೇ ಬೇಡವೆಂದು ನಾನು ಹೇಳಲಾರೆ. ಬೀಗಕ್ಕೆ ಕಟ್ಟಳೆ ಬೇಕೆನ್ನುತ್ತೇನೆ. ಕಾರಣವನ್ನು ಬರೆದು ಕೊಡಬೇಕು. ಅವಧಿಯನ್ನು ಗೊತ್ತುಪಡಿಸಬೇಕು, ಅದು ಮುಗಿದೊಡನೆ, ಯಾರೂ ಬೇಡದೆಯೇ, ಪ್ರಬಂಧ ತೆರೆದುಕೊಳ್ಳಬೇಕು. ಶೀರ್ಷಿಕೆಯೂ ಸಾರಾಂಶವೂ ಎಂದೂ ಮರೆಯಾಗಬಾರದು. ಒಂದು ಅಧ್ಯಾಯ ಗುಟ್ಟಾದರೆ ಅದೊಂದನ್ನು ಮಾತ್ರ ತಡೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸ ಆರಂಭಿಸುವ ಮುನ್ನವೇ ವಿದ್ಯಾರ್ಥಿಗೆ ಇದೆಲ್ಲ ತಿಳಿದಿರಬೇಕು. ಆಗ ಒಲ್ಲೆನೆನ್ನುವ ಸ್ವಾತಂತ್ರ್ಯ ಆತನಿಗಿರುತ್ತದೆ. ಪ್ರಬಂಧ ಮುಗಿದ ಮೇಲೆ ಹೇಳಿದರೆ, ಗುರುವಿನ ಮಾತಿಗೆ ತಲೆಬಾಗುವುದಲ್ಲದೆ ಆತನಿಗೆ ಬೇರೆ ದಾರಿಯಿರುವುದಿಲ್ಲ.